ವಾಷಿಂಗ್ ಮೆಷಿನ್ನಿಗೆ ಶಾಲೆಯ ಚೀಲ ಹಾಕಬಹುದೇ?

ಪುತ್ತೂರು, ಸುಳ್ಯ, ಕಡಬದ ಮನೆಗಳಲ್ಲಿ ಮಳೆಗಾಲದ ದೊಡ್ಡ ತಲೆನೋವು ಬಟ್ಟೆ ಒಗೆಯುವುದಲ್ಲ, ಒಣಗಿಸುವುದು. ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 4000 ಮಿಲಿಮೀಟರ್. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದುಬಿಡುತ್ತದೆ. ಆಗಲೇ ನೀರಾವಿಯಿಂದ ತುಂಬಿಹೋಗಿರುವ ಗಾಳಿ ಹಗ್ಗದ ಮೇಲಿನ ಅಂಗಿಯಿಂದ ಇನ್ನಷ್ಟು ನೀರನ್ನು ಹೇಗೆ ತಾನೇ ಹೀರಿಕೊಂಡೀತು? ಹಾಗಾಗಿ ಇಲ್ಲಿನ ತೋಟದ ಮನೆಗಳಿಗೆ ವಾಷಿಂಗ್ ಮೆಷಿನ್ ಬಂದಾಗ ಹೆಚ್ಚು ಮೆಚ್ಚುಗೆಯಾದದ್ದು ಅದು ಒಗೆಯುವ ಕ್ರಮವಲ್ಲ, ಕೊನೆಯಲ್ಲಿ ಗಿರ್ರನೆ ತಿರುಗಿ ನೀರು ತೆಗೆಯುವ ಕ್ರಮ.

ಆದರೆ ಆ ಯಂತ್ರಕ್ಕೆ ಬೀಳುವುದು ಅಂಗಿ, ಸೀರೆ, ಹೊದಿಕೆಗಳು ಮಾತ್ರ. ಮಕ್ಕಳ ಶಾಲೆಯ ಚೀಲ, ಕ್ಯಾನ್ವಾಸ್ ಬೂಟು, ಕಾಲೊರಸು, ಬಟ್ಟೆಯ ಗೊಂಬೆ ಇವೆಲ್ಲ ಜೂನ್‌ನಲ್ಲಿ ಒದ್ದೆಯಾದರೆ ನವರಾತ್ರಿಯವರೆಗೂ ಬೂಸ್ಟು ಹಿಡಿದು ಮೂಲೆಯಲ್ಲಿರುತ್ತವೆ. ಇವುಗಳಲ್ಲಿ ಹಲವನ್ನು ಯಂತ್ರಕ್ಕೆ ಹಾಕಬಹುದು. ಅದೇ ವೇಳೆಗೆ, ಬಟ್ಟೆಯಂತೆಯೇ ಕಾಣುವ ಕೆಲವನ್ನು ಎಂದೂ ಹಾಕಬಾರದು. ಯಾವುದು ಸರಿ, ಯಾವುದು ತಪ್ಪು ಎಂದು ತಿಳಿಯಲು ಹೈಸ್ಕೂಲಿನ ವಿಜ್ಞಾನ ಸಾಕು. ವಸ್ತುವಿನೊಳಗೆ ಹೋದ ನೀರು ಹೊರಗೆ ಬರಬಲ್ಲದೇ? ವಸ್ತುವಿಗೆ ಅಂಟಿಕೊಂಡಿರುವುದು ಏನು? ಇವೆರಡೇ ಪ್ರಶ್ನೆ.

ಮೊದಲನೆಯದನ್ನು ನೋಡೋಣ. ಯಂತ್ರದ ಡ್ರಮ್ಮಿನ ತ್ರಿಜ್ಯ 25 ಸೆಂಟಿಮೀಟರ್, ಅದು ನಿಮಿಷಕ್ಕೆ 1000 ಸುತ್ತು ತಿರುಗುತ್ತದೆ ಎಂದುಕೊಳ್ಳಿ. ಲೆಕ್ಕ ಹಾಕಿದರೆ ಡ್ರಮ್ಮಿನ ಅಂಚಿನಲ್ಲಿ ವೇಗೋತ್ಕರ್ಷ ಗುರುತ್ವದ ವೇಗೋತ್ಕರ್ಷಕ್ಕಿಂತ ಸುಮಾರು 280 ಪಟ್ಟು! ಒಂದು ಕಿಲೋ ತೂಗುವ ಒದ್ದೆ ಚೀಲ ಡ್ರಮ್ಮಿನ ಗೋಡೆಯನ್ನು 280 ಕಿಲೋ ಭಾರದಂತೆ ಒತ್ತುತ್ತದೆ. ನೀರನ್ನು ಯಾರೋ ಹೊರಕ್ಕೆ ಎಸೆಯುತ್ತಾರೆ ಎಂದು ಭಾವಿಸುವುದು ಸರಿಯಲ್ಲ. ಬಟ್ಟೆಯನ್ನು ಡ್ರಮ್ಮಿನ ಗೋಡೆ ತಡೆದು ವೃತ್ತದಲ್ಲಿ ತಿರುಗಿಸುತ್ತದೆ; ನೀರಿಗೆ ಅಲ್ಲಿ ರಂಧ್ರ ಸಿಗುವುದರಿಂದ ಅದು ಜಡತ್ವದಿಂದ ತನ್ನ ಪಾಡಿಗೆ ನೇರವಾಗಿ ಹೊರಟುಹೋಗುತ್ತದೆ.

ಇಲ್ಲಿಯೇ ಮಳೆಗಾಲದ ಅತಿ ಸಾಮಾನ್ಯ ತಪ್ಪೂ ಇದೆ. ಕೆಸರಾದ ರೈನ್‌ಕೋಟನ್ನು 'ಬಟ್ಟೆಯೇ ತಾನೇ' ಎಂದು ಒಳಗೆ ತುರುಕುವುದು. ನೀರನ್ನು ಒಳಬಿಡದ ಬಟ್ಟೆ ಹೊರಗೂ ಬಿಡುವುದಿಲ್ಲ. ತಿರುಗುವಾಗ ಅದರ ಮಡಿಕೆಯಲ್ಲಿ ಎರಡು ಲೀಟರ್ ನೀರು ಸಿಕ್ಕಿಕೊಂಡರೆ ಡ್ರಮ್ಮಿನ ಒಂದೇ ಬದಿಗೆ ಅರ್ಧ ಟನ್ನಿಗೂ ಹೆಚ್ಚಿನ ಒತ್ತಡ ಬೀಳುತ್ತದೆ. ಯಂತ್ರ ಕುಣಿದಾಡುತ್ತದೆ, ಕೆಲವೊಮ್ಮೆ ಮುರಿದೇ ಹೋಗಬಹುದು. ತಯಾರಕರು ಯಂತ್ರದೊಂದಿಗೆ ಕೊಡುವ ಪುಸ್ತಕದಲ್ಲಿ ಈ ಎಚ್ಚರಿಕೆ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಆ ಪುಸ್ತಕ ಓದುವವರು ಕಡಿಮೆ, ಅಷ್ಟೇ. ಮಕ್ಕಳು ಮನೆಯಲ್ಲೇ ಪರೀಕ್ಷಿಸಬಹುದು: ವಸ್ತುವಿನ ಮೇಲೆ ಒಂದು ಲೋಟ ನೀರು ಹೊಯ್ಯಿರಿ. ನೀರು ಕೆಳಗೆ ಸೋರಿದರೆ ಸರಿ. ಗುಂಡಿಯಲ್ಲಿ ನಿಂತಂತೆ ನಿಂತರೆ ಅದಕ್ಕೆ ಬಾಲ್ದಿ, ಬ್ರಷ್ಷೇ ಗತಿ.

ಶಾಲೆಯ ಚೀಲ ಈ ಪರೀಕ್ಷೆಯಲ್ಲಿ ಹೆಚ್ಚಾಗಿ ಪಾಸಾಗುತ್ತದೆ, ಒಳಗೆ ರಬ್ಬರು ಅಥವಾ ಪ್ಲಾಸ್ಟಿಕ್ ಲೇಪ ಇಲ್ಲದಿದ್ದರೆ. ಒಗೆಯುವ ಮೊದಲು ಎಲ್ಲ ಕಿಸೆಗಳನ್ನೂ ಕೊಡವಿ. ಪೆನ್ಸಿಲ್ ಚೂರು, ನಾಣ್ಯ, ಹುಣಸೆ ಬೀಜ, ಅರ್ಧ ತಿಂದ ಚಿಕ್ಕಿ ಎಲ್ಲವೂ ಅಲ್ಲಿರುತ್ತವೆ! ಮುಖ್ಯವಾಗಿ ಪೆನ್ನು: ಒಂದು ಬಾಲ್‌ಪೆನ್ನಿನ ಶಾಯಿ ಸಾಕು, ಇಡೀ ಮನೆಯ ಸಮವಸ್ತ್ರ ನೀಲಿಯಾಗಲು. ಜಿಪ್ಪುಗಳನ್ನು ಹಾಕಿ, ಚೀಲವನ್ನು ಹಳೆಯ ದಿಂಬಿನ ಗೌಸಿನಲ್ಲಿಟ್ಟು ಬಾಯಿ ಕಟ್ಟಿ, ಎರಡು ಹಳೆ ಬೈರಾಸುಗಳ ಜೊತೆ ತಣ್ಣೀರಿನಲ್ಲಿ ಒಗೆಯಿರಿ. ಬೈರಾಸು ಏಕೆಂದರೆ, ಚೀಲ ಒಂಟಿಯಾಗಿದ್ದರೆ ಭಾರವೆಲ್ಲ ಒಂದೇ ಬದಿಗೆ ಹೋಗುತ್ತದೆ. ಕ್ಯಾನ್ವಾಸ್ ಬೂಟಿಗೂ ಇದೇ ಕ್ರಮ. ಲೇಸು ಬಿಚ್ಚಿ, ಅಡಿಯ ಕೆಸರನ್ನು ಮೊದಲೇ ಕೆರೆದು ತೆಗೆಯಬೇಕು; ನೀರು ತೆಗೆಯುವಾಗ ವೇಗ ಕಡಿಮೆ ಇಡಬೇಕು. ಒಗೆದ ಮೇಲೆ ಒಳಗೆ ಹಳೆಯ ದಿನಪತ್ರಿಕೆ ತುರುಕಿಟ್ಟರೆ ತೇವವನ್ನು ಅದು ಹೀರುತ್ತದೆ.

ಕಾಡಂಚಿನ ದಾರಿಯಲ್ಲಿ ನಡೆದು ಬರುವ ಮಕ್ಕಳ ಕಾಲುಚೀಲದಲ್ಲಿ ಉಂಬಳ ಕಚ್ಚಿದ ರಕ್ತದ ಕಲೆ ಇರುವುದು ಹೊಸತಲ್ಲ. ಉಂಬಳದ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತು ಇರುವುದರಿಂದ ಅದು ಬಿಟ್ಟುಹೋದ ಮೇಲೂ ರಕ್ತ ಜಿನುಗುತ್ತಲೇ ಇರುತ್ತದೆ. ಇದಕ್ಕೆ ಬಿಸಿನೀರು ಸಲ್ಲದು. ಮೊಟ್ಟೆಯ ಬಿಳಿ ಭಾಗ ಬೆಂದು ಗಟ್ಟಿಯಾಗುವಂತೆ ರಕ್ತದ ಪ್ರೋಟೀನೂ ಬಿಸಿಗೆ ನೂಲಿನಲ್ಲೇ ಗಟ್ಟಿಯಾಗಿ ಕೂರುತ್ತದೆ. ಮೊದಲು ತಣ್ಣೀರು, ಆಮೇಲೆ ಸೋಪಿನ ಪುಡಿ.

ದಿಂಬಿನ ವಿಷಯದಲ್ಲಿ ಒಳಗೇನಿದೆ ಎಂದು ನೋಡಲೇಬೇಕು. ಪಾಲಿಯೆಸ್ಟರ್ ದಿಂಬುಗಳನ್ನು ಎರಡೆರಡಾಗಿ ಒಗೆಯಬಹುದು. ಹಳೆಯ ಮನೆಗಳಲ್ಲಿ ಇನ್ನೂ ಇರುವ ಬೂರುಗದ ಹತ್ತಿಯ ದಿಂಬನ್ನು ಮಾತ್ರ ನೀರಿಗೆ ತೋರಿಸಬೇಡಿ. ಆ ಎಳೆ ಒಳಗೆ ಟೊಳ್ಳು, ಹೊರಗೆ ಮೇಣದ ಪದರ. ಸುಲಭವಾಗಿ ನೆನೆಯದೆ ತೇಲುತ್ತದೆ. ಹಿಂದೆ ಹಡಗಿನವರ ಜೀವರಕ್ಷಕ ಅಂಗಿಗಳಲ್ಲಿ ಇದನ್ನೇ ತುಂಬುತ್ತಿದ್ದರು. ಯಂತ್ರದಲ್ಲಿ ಅದು ಉಂಡೆಗಟ್ಟುತ್ತದೆ. ಬಿಸಿಲು ಕಂಡ ದಿನ ಅಂಗಳದಲ್ಲಿ ಹಾಕಿ ಬಡಿದರೆ ಸಾಕು. ತೆಂಗಿನ ನಾರಿನ ಕಾಲೊರಸೂ ಬೇಡ, ಅದರ ನಾರು ಪಂಪನ್ನು ಕಟ್ಟಿಸುತ್ತದೆ.

ಇನ್ನು ಎರಡನೆಯ ಪ್ರಶ್ನೆ, ಅಂಟಿಕೊಂಡಿರುವುದು ಏನು? ಅಡಿಕೆ ಮತ್ತು ಗೇರುಹಣ್ಣಿನ ಚೊಗರು ಕಲೆ ಸೋಪು ತಾಗಿದ ಕೂಡಲೇ ಇನ್ನಷ್ಟು ಕಪ್ಪಾಗುವುದನ್ನು ಇಲ್ಲಿ ಎಲ್ಲರೂ ಕಂಡಿದ್ದಾರೆ. ಚೊಗರಿನಲ್ಲಿರುವ ಟ್ಯಾನಿನ್, ಸೋಪಿನ ಕ್ಷಾರದಲ್ಲಿ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಕಪ್ಪಾಗುತ್ತದೆ. ಬೋರ್‌ವೆಲ್ ನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ ಮುಗಿಯಿತು. ಟ್ಯಾನಿನ್ ಮತ್ತು ಕಬ್ಬಿಣ ಸೇರಿದರೆ ಹಿಂದಿನವರು ಬರೆಯಲು ಬಳಸುತ್ತಿದ್ದ ಶಾಯಿಯೇ ತಯಾರಾಗುತ್ತದೆ. ತುಕ್ಕಿನ ಕಲೆಗೆ ಬಿಂಬುಳಿ ಉಜ್ಜುತ್ತಿದ್ದ ಅಜ್ಜಿಯರ ಉಪಾಯದಲ್ಲಿ ಸರಿಯಾದ ರಸಾಯನಶಾಸ್ತ್ರವಿದೆ. ಬಿಂಬುಳಿಯ ಆಕ್ಸಾಲಿಕ್ ಆಮ್ಲ ಕಬ್ಬಿಣವನ್ನು ಕರಗುವ ರೂಪಕ್ಕೆ ತರುತ್ತದೆ. ಅದೇ ಕಲೆಗೆ ಬ್ಲೀಚಿಂಗ್ ಪುಡಿ ಹಾಕಿದರೆ ಕಲೆ ಗಟ್ಟಿಯಾಗುತ್ತದೆ. ಹುಳಿ ಹಾಕಿದ ಬಟ್ಟೆಗೆ ಬ್ಲೀಚ್ ಸೇರಿಸುವುದಂತೂ ಅಪಾಯ, ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ.

ಇವೆಲ್ಲ ಕಲೆಯ ಮಾತಾಯಿತು. ನಿಜವಾಗಿ ಯೋಚಿಸಬೇಕಾದದ್ದು ಮದ್ದು ಬಿಡುವವರ ಬಟ್ಟೆಯ ಬಗ್ಗೆ. ಅಡಿಕೆಯ ಕೊಳೆರೋಗಕ್ಕೆ ಇಲ್ಲಿ ಬಿಡುವ ಬೋರ್ಡೊ ದ್ರಾವಣ ಫ್ರಾನ್ಸಿನ ದ್ರಾಕ್ಷಿ ತೋಟಗಳಿಂದ ಬಂದದ್ದು. 1885ರ ಸುಮಾರಿಗೆ ವಿಜ್ಞಾನಿ ಮಿಲಾರ್ಡೆ ಅದನ್ನು ಬಳಕೆಗೆ ತಂದರು. ಮೈಸೂರು ಸಂಸ್ಥಾನದಲ್ಲಿ ಕೊಳೆರೋಗವನ್ನು ಅಭ್ಯಾಸ ಮಾಡಿದ ಲೆಸ್ಲಿ ಕೋಲ್ಮನ್ 1910ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಇದು ಶೇಕಡಾ ಒಂದರ ದ್ರಾವಣ. ಮದ್ದು ಬಿಟ್ಟು ಬಂದವರ ಅಂಗಿ ತಿಳಿನೀಲಿಯಾಗಿರುತ್ತದೆ. ಆ ಅಂಗಿ ಸಂಜೆ ಮಕ್ಕಳ ಸಮವಸ್ತ್ರದ ಬುಟ್ಟಿಗೇ ಬೀಳುವುದು ಹಲವು ಮನೆಗಳ ವಾಡಿಕೆ. ಇಲ್ಲವೇ ಮನೆಯ ಹೆಂಗಸರು ಅದನ್ನು ಬರಿಗೈಯಲ್ಲಿ ಒಗೆಯುವ ಕಲ್ಲಿನ ಮೇಲೆ ಉಜ್ಜುತ್ತಾರೆ. ಎರಡೂ ಒಳ್ಳೆಯದಲ್ಲ.

ಬೋರ್ಡೊ ಬದಲು ಕೀಟನಾಶಕವೋ ಕಳೆನಾಶಕವೋ ಆಗಿದ್ದರೆ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಅವುಗಳಲ್ಲಿ ಹಲವು ಚರ್ಮದ ಮೂಲಕವೇ ಮೈಗೆ ಸೇರುತ್ತವೆ. ಗೇರು ತೋಟಗಳ ಮೇಲೆ ಎಂಡೋಸಲ್ಫಾನ್ ಸಿಂಪಡಿಸಿದ ಕಾಲವನ್ನು ಕಂಡವರಿಗೆ, 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಡೆದದ್ದು ನೆನಪಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ಬಟ್ಟೆಗೆ ಯಂತ್ರವೇ ವಾಸಿ, ಆದರೆ ಪ್ರತ್ಯೇಕವಾಗಿ. ಮನೆಯೊಳಗೆ ತರದೆ ಹೊರಗೇ ಬಿಚ್ಚಿ, ಕೈಗೆ ರಬ್ಬರ್ ಗ್ಲೌಸ್ ಹಾಕಿ ಬಾಲ್ದಿಯಲ್ಲಿ ಒಮ್ಮೆ ಜಾಲಾಡಬೇಕು. ಆ ನೀರು ಬಾವಿಯ ಹತ್ತಿರವಾಗಲಿ, ತೋಡಿಗಾಗಲಿ ಹೋಗಬಾರದು; ತಾಮ್ರ ಮೀನಿಗೆ ವಿಷ, ತೋಡಿನ ನೀರು ಕೊನೆಗೆ ಸೇರುವುದು ಕುಮಾರಧಾರೆಯನ್ನೋ ಪಯಸ್ವಿನಿಯನ್ನೋ. ಬಳಿಕ ಒಂದೆರಡು ಬಟ್ಟೆಗಳನ್ನಷ್ಟೇ ಹೆಚ್ಚು ನೀರಿನಲ್ಲಿ, ಸಾಧ್ಯವಾದರೆ ಬಿಸಿನೀರಿನಲ್ಲಿ ಎರಡು ಬಾರಿ ಒಗೆಯಿರಿ. ಆಮೇಲೆ ಖಾಲಿ ಯಂತ್ರವನ್ನು ಸೋಪಿನ ಪುಡಿ ಹಾಕಿ ಒಮ್ಮೆ ಓಡಿಸಿದ ಮೇಲೆಯೇ ಮನೆಯ ಬಟ್ಟೆ. ನೀರು ಬೆರೆಸದ ಮದ್ದು ಚೆಲ್ಲಿದ ಅಂಗಿಯನ್ನು ಒಗೆಯುವ ಗೋಜಿಗೇ ಹೋಗಬೇಡಿ, ಅದನ್ನು ಎಸೆಯುವುದೇ ಲೇಸು. ಹುಲ್ಲು ಕತ್ತರಿಸುವ ಯಂತ್ರದ ಪೆಟ್ರೋಲ್ ಚೆಲ್ಲಿದ ಬಟ್ಟೆಯೂ ಮೆಷಿನ್ನಿಗೆ ಸಲ್ಲದು. ಮುಚ್ಚಿದ ಡ್ರಮ್ಮಿನಲ್ಲಿ ಪೆಟ್ರೋಲಿನ ಆವಿ, ಪಕ್ಕದಲ್ಲೇ ವಿದ್ಯುತ್ ಕಿಡಿ. ಬೆಂಕಿಗೆ ಇನ್ನೇನು ಬೇಕು?

ಸೊಳ್ಳೆ ಪರದೆಗೂ ಒಂದು ಮಾತು. ಅಂಗಡಿಯ ಸಾದಾ ನೈಲಾನ್ ಪರದೆಯನ್ನು ಗೌಸಿನಲ್ಲಿ ಕಟ್ಟಿ ಒಗೆಯಬಹುದು. ಮಲೇರಿಯಾ ತಡೆಗೆಂದು ಕೊಡುವ, ಔಷಧಿ ಲೇಪಿಸಿದ ಪರದೆಯನ್ನು ಮಾತ್ರ ಕೈಯಲ್ಲೇ, ತಣ್ಣೀರಿನಲ್ಲಿ, ಸೌಮ್ಯ ಸೋಪಿನಿಂದ ಜಾಲಿಸಿ ನೆರಳಿನಲ್ಲಿ ಒಣಗಿಸಬೇಕು. ಅದನ್ನು ತೊಳೆದ ನೀರೂ ಹೊಳೆಗೆ ಹೋಗಬಾರದು.

ಒಗೆದ ಚೀಲ, ಬೂಟುಗಳನ್ನು ಎಲ್ಲಿ ಒಣಗಿಸುವುದು? ಅಡಿಕೆಗೆಂದು ಅಂಗಳಕ್ಕೆ ಪ್ಲಾಸ್ಟಿಕ್ ಮಾಡು ಹಾಕಿಸಿದ ಮನೆಗಳಲ್ಲಿ ಮಳೆಗಾಲದಲ್ಲಿ ಆ ಜಾಗ ಹೆಚ್ಚಾಗಿ ಖಾಲಿಯೇ ಇರುತ್ತದೆ. ಗಾಳಿ ಆಡುವಂತೆ ಎರಡೂ ಬದಿ ತೆರೆದಿಟ್ಟು, ಜಿಪ್ಪು ಬಿಚ್ಚಿ, ಚೀಲವನ್ನು ತಲೆಕೆಳಗಾಗಿ ತೂಗುಹಾಕಿ. ಶನಿವಾರ ಮಧ್ಯಾಹ್ನ ಒಗೆದರೆ ಸೋಮವಾರ ಬೆಳಿಗ್ಗೆ ಪುಸ್ತಕ ತುಂಬಲು ಬಹುಮಟ್ಟಿಗೆ ಸಿದ್ಧವಾಗಿರುತ್ತದೆ.