ಕಣ್ಣಿಗೆ ಕಾಣದ ಕಾಡಿಗೆ: ಓದುಗರ ಪ್ರತಿಕ್ರಿಯೆ ಮತ್ತು ಲೇಖಕರ ಹೊಣೆ

ಪ್ರಕಟವಾದೊಡನೆ ಬರಹವೊಂದು ಪೂರ್ಣಗೊಂಡಿತೆಂಬ ಭಾವನೆಯು ಮುದ್ರಣ ಸಂಸ್ಕೃತಿ ರೂಢಿಸಿದ ನಂಬಿಕೆಗಳಲ್ಲೊಂದು. ಇದರ ಪ್ರಕಾರ ಲೇಖಕ ಹೇಳುವವನು, ಓದುಗ ಕೇಳುವವನು. ಓದುಗನಿಂದ ಬರುವ ಪ್ರಶ್ನೆ, ಆಕ್ಷೇಪ, ತಿದ್ದುಪಡಿಗಳು ಬರಹದ ಹೊರಗೆ ಉಳಿಯತಕ್ಕ ಸಂಗತಿಗಳು; ಅವುಗಳಿಗೆ ಉತ್ತರಿಸುವುದು ಲೇಖಕನ ಸೌಜನ್ಯಕ್ಕೆ ಬಿಟ್ಟ ವಿಷಯ. ಕನ್ನಡದಲ್ಲಿ ಉಪಲಬ್ಧವಿರುವ ಮೊದಲ ಗ್ರಂಥವಾದ, ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಇದಕ್ಕಿಂತ ಭಿನ್ನವಾದ ನಿಲುವನ್ನು ಮುಂದಿಡುತ್ತದೆ. ಕಣ್ಣಿಗೆ ಹಚ್ಚಿದ ಕಾಡಿಗೆ ಆ ಕಣ್ಣಿಗೇ ಕಾಣದಿರುವಂತೆ ಕವಿಗೆ ತನ್ನ ದೋಷ ತನಗೆ ಕಾಣುವುದಿಲ್ಲ. ಆದುದರಿಂದ ಬಲ್ಲವರಾದ ಬೇರೆಯವರಿಂದ ಕಾವ್ಯವನ್ನು ಓದಿಸಬೇಕು ಎಂಬುದು ಅಲ್ಲಿನ ಆಶಯ. ಕಾವೇರಿಯಿಂದ ಗೋದಾವರಿಯವರೆಗಿನ ನಾಡಿನ ಜನರು ವಿಶೇಷ ವ್ಯಾಸಂಗವಿಲ್ಲದೆಯೂ ಕಾವ್ಯಪ್ರಯೋಗದಲ್ಲಿ ಪರಿಣತರು ಎಂದು ಸಾರುವ ಕೃತಿಯೂ ಇದೇ. ಮೊದಲನೆಯ ಮಾತು ಲೇಖಕನ ಮಿತಿಯನ್ನು ಹೇಳುತ್ತದೆ, ಎರಡನೆಯದು ಓದುಗನ ಅರ್ಹತೆಯನ್ನು. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಪ್ರತಿಕ್ರಿಯೆಯು ಬರಹಕ್ಕೆ ಅಂಟಿಕೊಂಡ ಅನುಬಂಧವಲ್ಲ, ಬರಹದ ಪ್ರಕ್ರಿಯೆಯಲ್ಲಿಯೇ ಸೇರಿದ ಒಂದು ಹಂತ ಎಂಬುದು ಸ್ಪಷ್ಟವಾಗುತ್ತದೆ.

ಪ್ರತಿಕ್ರಿಯೆಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು: ಪ್ರಶ್ನೆ, ತಿದ್ದುಪಡಿ ಮತ್ತು ವಿರೋಧ. ಈ ಮೂರೂ ಲೇಖಕನಿಂದ ಬೇರೆ ಬೇರೆ ರೀತಿಯ ಸಿದ್ಧತೆಯನ್ನು ಬಯಸುತ್ತವೆ.

ಪ್ರಶ್ನೆ: ನಿಘಂಟಿನಿಂದ ಸಮಾಜದೆಡೆಗೆ

ಓದುಗರ ಪ್ರಶ್ನೆಯೇ ಬರಹದ ಮೂಲದ್ರವ್ಯವಾದುದಕ್ಕೆ ಕನ್ನಡದಲ್ಲಿ ದೊರೆಯುವ ಶ್ರೇಷ್ಠ ನಿದರ್ಶನ ಜಿ. ವೆಂಕಟಸುಬ್ಬಯ್ಯ (1913–2021) ಅವರ ‘ಇಗೋ ಕನ್ನಡ’. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ–ಕನ್ನಡ ನಿಘಂಟಿನ ಪ್ರಧಾನ ಸಂಪಾದಕರಾಗಿ ದುಡಿದ ಈ ವಿದ್ವಾಂಸರು 1991ರಲ್ಲಿ ‘ಪ್ರಜಾವಾಣಿ’ಯಲ್ಲಿ ಆರಂಭಿಸಿದ ಅಂಕಣವು ಒಂದು ದಶಕಕ್ಕೂ ಹೆಚ್ಚು ಕಾಲ ನಡೆಯಿತು. ಪದದ ಮೂಲ, ಅರ್ಥ, ಶುದ್ಧರೂಪ, ಪ್ರಯೋಗಗಳ ಬಗ್ಗೆ ಓದುಗರು ಕೇಳುವುದು, ನಿಘಂಟುಕಾರರು ಉತ್ತರಿಸುವುದು ಅದರ ಕ್ರಮ. ಮುಂದೆ ಈ ಬರಹಗಳು ಗ್ರಂಥರೂಪ ತಳೆದಾಗ ಅದಕ್ಕೆ ‘ಸಾಮಾಜಿಕ ನಿಘಂಟು’ ಎಂಬ ಹೆಸರು ಸೇರಿತು.

ಈ ಹೆಸರು ವಿಚಾರಾರ್ಹವಾದುದು. ಚಾರಿತ್ರಿಕ ಕ್ರಮದ ನಿಘಂಟು ಶಾಸನ ಮತ್ತು ಸಾಹಿತ್ಯಕೃತಿಗಳಿಂದ ಪ್ರಯೋಗಗಳನ್ನು ಆಯ್ದುಕೊಳ್ಳುತ್ತದೆ. ಅಲ್ಲಿ ಯಾವ ಪದಕ್ಕೆ ವಿವರಣೆ ಬೇಕು ಎಂಬುದನ್ನು ನಿರ್ಧರಿಸುವವನು ಸಂಪಾದಕ. ಓದುಗನ ಪ್ರಶ್ನೆಯಿಂದ ಹುಟ್ಟಿದ ನಿಘಂಟಿನಲ್ಲಾದರೋ ಆ ನಿರ್ಧಾರ ಭಾಷೆಯನ್ನು ದಿನನಿತ್ಯ ಬಳಸುವವರದು. ಯಾವ ಪದ ಜನರಿಗೆ ತೊಡಕಾಗಿದೆ, ಯಾವ ರೂಪದ ಬಗ್ಗೆ ಸಂದೇಹವಿದೆ ಎಂಬುದು ಗ್ರಂಥಾಲಯದಲ್ಲಿ ಕುಳಿತ ವಿದ್ವಾಂಸನಿಗೆ ತಾನಾಗಿ ತಿಳಿಯುವಂಥದಲ್ಲ. ಉತ್ತರ ಕೊಟ್ಟವನು ವಿದ್ವಾಂಸನೇ ಆದರೂ ವಿದ್ವತ್ತಿನ ಗಮನ ಎತ್ತ ಹರಿಯಬೇಕೆಂಬುದನ್ನು ತೋರಿಸಿದವನು ಓದುಗ. ಹೀಗೆ ಪ್ರಶ್ನೆಗೆ ಉತ್ತರಿಸುವುದು ಓದುಗನಿಗೆ ಮಾಡುವ ಉಪಕಾರವಷ್ಟೇ ಆಗದೆ, ಲೇಖಕನು ತನ್ನ ವಿಷಯದ ವ್ಯಾಪ್ತಿಯನ್ನು ಅರಿಯುವ ವಿಧಾನವೂ ಆಗುತ್ತದೆ.

ಗಾಂಧೀಜಿಯವರು ತಮ್ಮ ಆತ್ಮಕಥೆಯಲ್ಲಿ ಹೇಳಿರುವ ಅನುಭವವೂ ಇದನ್ನೇ ಸಮರ್ಥಿಸುತ್ತದೆ. ದಕ್ಷಿಣ ಆಫ್ರಿಕದಲ್ಲಿ 1903ರಲ್ಲಿ ಆರಂಭವಾದ ‘ಇಂಡಿಯನ್ ಒಪೀನಿಯನ್’ ಪತ್ರಿಕೆಗೆ ಬರುತ್ತಿದ್ದ ಸ್ನೇಹದ, ಟೀಕೆಯ, ಕಹಿಯ ಪತ್ರಗಳನ್ನೆಲ್ಲ ಓದಿ ಉತ್ತರಿಸುವುದು ತಮಗೊಂದು ಶಿಕ್ಷಣವಾಗಿತ್ತೆಂದೂ ಆ ಪತ್ರಗಳ ಮೂಲಕ ಸಮುದಾಯವೇ ತಮ್ಮೆದುರು ಚಿಂತಿಸುತ್ತಿರುವಂತೆ ತೋರುತ್ತಿತ್ತೆಂದೂ ಅವರು ನೆನೆಯುತ್ತಾರೆ. 1909ರಲ್ಲಿ ಅವರು ರಚಿಸಿದ ‘ಹಿಂದ್ ಸ್ವರಾಜ್’ ಓದುಗ ಮತ್ತು ಸಂಪಾದಕರ ಸಂವಾದದ ರೂಪದಲ್ಲಿರುವುದನ್ನು ಈ ಹಿನ್ನೆಲೆಯಲ್ಲಿ ಗಮನಿಸಬೇಕು.

ತಿದ್ದುಪಡಿ: ಕರ್ತೃತ್ವದ ಚರ್ಚೆ

ಎರಡನೆಯ ಬಗೆಯ ಪ್ರತಿಕ್ರಿಯೆ ಸಂಶೋಧನೆಗೆ ಹೆಚ್ಚು ಹತ್ತಿರವಾದುದು. ಅನ್ಯರ ಕಣ್ಣಿನ ಅಗತ್ಯವನ್ನು ಹೇಳಿದ ‘ಕವಿರಾಜಮಾರ್ಗ’ದ ಆಧುನಿಕ ಅಧ್ಯಯನದ ಚರಿತ್ರೆಯೇ ಇದಕ್ಕೆ ಉದಾಹರಣೆಯಾಗಿದೆ. ಕೆ.ಬಿ. ಪಾಠಕರು 1898ರಲ್ಲಿ ಈ ಗ್ರಂಥವನ್ನು ಸಂಪಾದಿಸಿ ಪ್ರಕಟಿಸಿದಾಗ ಅದನ್ನು ರಾಷ್ಟ್ರಕೂಟ ಚಕ್ರವರ್ತಿ ನೃಪತುಂಗನ ಕೃತಿಯೆಂದು ಪರಿಗಣಿಸಿದರು. ಈ ನಿರ್ಣಯವನ್ನು ಓದಿದ ವಿದ್ವಾಂಸರು ಸುಮ್ಮನಿರಲಿಲ್ಲ. ಜೆ.ಎಫ್. ಫ್ಲೀಟ್ ಮೊದಲಾದವರು ಆಕ್ಷೇಪವೆತ್ತಿದರು. ಪರಿಚ್ಛೇದಗಳ ಕೊನೆಯಲ್ಲಿ ಬರುವ, ನೃಪತುಂಗನ ಅನುಮತಿ ಅಥವಾ ಸಮ್ಮತಿಯನ್ನು ಸೂಚಿಸುವ ಪದವು ಕರ್ತೃತ್ವವನ್ನು ಹೇಳುತ್ತದೆಯೋ, ಆಶ್ರಯದಾತನ ಒಪ್ಪಿಗೆಯನ್ನಷ್ಟೇ ಹೇಳುತ್ತದೆಯೋ ಎಂಬುದು ಚರ್ಚೆಯ ಕೇಂದ್ರಗಳಲ್ಲೊಂದಾಯಿತು. ಕೃತಿಯೊಳಗಿನ ಶ್ರೀವಿಜಯನ ಉಲ್ಲೇಖಕ್ಕೆ ಹೊಸ ಮಹತ್ವ ಬಂದಿತು. ತಲೆಮಾರುಗಳ ಕಾಲ ನಡೆದ ಈ ವಾಗ್ವಾದದ ಫಲವಾಗಿ ಶ್ರೀವಿಜಯನೇ ಕರ್ತೃವೆಂಬ ಅಭಿಪ್ರಾಯ ಇಂದು ಬಹುಮಟ್ಟಿಗೆ ನೆಲೆಗೊಂಡಿದೆ.

ಇಲ್ಲಿ ಯಾರು ಗೆದ್ದರು, ಯಾರು ಸೋತರು ಎಂಬುದು ಮುಖ್ಯವಲ್ಲ. ಪಾಠಕರ ಆವೃತ್ತಿ ಇಲ್ಲದಿದ್ದರೆ ಆಕ್ಷೇಪಕ್ಕೆ ಆಧಾರವೇ ಇರುತ್ತಿರಲಿಲ್ಲ. ಆಕ್ಷೇಪ ಬಾರದಿದ್ದರೆ ಒಂದು ಪದದ ಅರ್ಥವನ್ನು ಅಷ್ಟು ಸೂಕ್ಷ್ಮವಾಗಿ ಪರಿಶೀಲಿಸುವ ಅವಕಾಶವೂ ಒದಗುತ್ತಿರಲಿಲ್ಲ. ತಿದ್ದುಪಡಿ ಮೊದಲ ಲೇಖಕನ ಶ್ರಮವನ್ನು ಅಳಿಸಿಹಾಕುವುದಿಲ್ಲ, ಅದನ್ನು ಮುಂದುವರಿಸುತ್ತದೆ.

ವಿರೋಧ: ಪ್ರತಿಪಕ್ಷಕ್ಕೆ ತನ್ನ ಗ್ರಂಥದಲ್ಲಿಯೇ ಎಡೆ

ಪ್ರಶ್ನೆಯನ್ನೂ ತಿದ್ದುಪಡಿಯನ್ನೂ ಸ್ವಾಗತಿಸುವುದು ಅಷ್ಟೇನೂ ಕಷ್ಟವಲ್ಲ. ಮೂಲ ನಿಲುವನ್ನೇ ನಿರಾಕರಿಸುವ ವಿರೋಧವನ್ನು ಎದುರಿಸುವುದು ಕಠಿಣ. ಈ ದೃಷ್ಟಿಯಿಂದ ಬಿ.ಆರ್. ಅಂಬೇಡ್ಕರ್ ಅವರ ‘ಜಾತಿ ವಿನಾಶ’ದ ಪ್ರಕಟಣೆಯ ಇತಿಹಾಸ ಮನನೀಯವಾದುದು. ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲವು 1936ರ ತನ್ನ ವಾರ್ಷಿಕ ಸಮ್ಮೇಳನದ ಅಧ್ಯಕ್ಷತೆಗೆ ಅವರನ್ನು ಆಹ್ವಾನಿಸಿ, ಬಳಿಕ ಭಾಷಣದ ಕೆಲವು ಭಾಗಗಳಿಗೆ ಆಕ್ಷೇಪ ವ್ಯಕ್ತಪಡಿಸಿತು. ಅವರು ಬದಲಾವಣೆಗೆ ಒಪ್ಪಲಿಲ್ಲ, ಸಮ್ಮೇಳನ ನಡೆಯಲಿಲ್ಲ. ಅಂಬೇಡ್ಕರ್ ಆ ಭಾಷಣವನ್ನು ತಾವೇ ಮುದ್ರಿಸಿ, ಮಂಡಲದೊಡನೆ ನಡೆದ ಪತ್ರವ್ಯವಹಾರವನ್ನೂ ಅದರಲ್ಲಿ ಸೇರಿಸಿದರು.

ಅದೇ ವರ್ಷದ ಜುಲೈ ತಿಂಗಳಲ್ಲಿ ಗಾಂಧೀಜಿಯವರು ‘ಹರಿಜನ’ ಪತ್ರಿಕೆಯಲ್ಲಿ ಈ ಕೃತಿಯನ್ನು ವಿಮರ್ಶಿಸಿದರು. 1937ರಲ್ಲಿ ಎರಡನೆಯ ಆವೃತ್ತಿ ಬಂದಾಗ ಅಂಬೇಡ್ಕರ್ ಗಾಂಧೀಜಿಯವರ ಲೇಖನಗಳನ್ನೂ ಅವುಗಳಿಗೆ ತಾವು ಬರೆದ ಉತ್ತರವನ್ನೂ ಅನುಬಂಧಗಳಾಗಿ ಸೇರಿಸಿದರು. ತಮ್ಮ ಭಾಷಣವನ್ನು ಗಾಂಧೀಜಿ ಗಮನಿಸಿದುದಕ್ಕೆ ಮೆಚ್ಚುಗೆ ಸೂಚಿಸಿಯೇ ಅವರ ವಾದಗಳನ್ನು ತೀಕ್ಷ್ಣವಾಗಿ ಖಂಡಿಸಿದರು. ಭಿನ್ನಾಭಿಪ್ರಾಯ ಅಲ್ಲಿಗೆ ಮುಗಿಯಲಿಲ್ಲ, ನಿಲುವುಗಳು ಸಮೀಪಿಸಲೂ ಇಲ್ಲ. ಆದರೆ ಎದುರಾಳಿಯ ವಾದವನ್ನು ಆತನ ಮಾತಿನಲ್ಲಿಯೇ ಓದಿ ತೀರ್ಪು ಕೊಡುವ ಹಕ್ಕು ಓದುಗನಿಗೆ ದೊರೆಯಿತು. ಪ್ರತಿಕ್ರಿಯೆಗೆ ಸ್ಪಂದಿಸುವುದೆಂದರೆ ಅದಕ್ಕೆ ಮಣಿಯುವುದೆಂದಲ್ಲ ಎಂಬುದನ್ನು ಈ ಆವೃತ್ತಿ ಮನಗಾಣಿಸುತ್ತದೆ. ತನ್ನ ವಾದದಲ್ಲಿ ದೃಢವಿಶ್ವಾಸವುಳ್ಳ ಲೇಖಕ ಮಾತ್ರ ಪ್ರತಿವಾದಕ್ಕೆ ತನ್ನ ಗ್ರಂಥದಲ್ಲಿಯೇ ಎಡೆಮಾಡಿಕೊಡಬಲ್ಲ.

ಮಿತಿಗಳು ಮತ್ತು ಹೊಣೆಗಳು

ಎಲ್ಲ ಪ್ರತಿಕ್ರಿಯೆಗಳೂ ಸಮಾನ ಮೌಲ್ಯವುಳ್ಳವು ಎಂದು ಇದರಿಂದ ಸಿದ್ಧವಾಗುವುದಿಲ್ಲ. ಕೃತಿಯನ್ನು ಓದದೆ ಬರೆದ ನಿಂದೆಗಾಗಲಿ, ವ್ಯಕ್ತಿದ್ವೇಷದ ಮಾತಿಗಾಗಲಿ ಉತ್ತರಿಸುವ ಹೊಣೆ ಲೇಖಕನಿಗಿಲ್ಲ. ಒಂದೇ ಆಕ್ಷೇಪಕ್ಕೆ ಮತ್ತೆ ಮತ್ತೆ ಉತ್ತರ ಬರೆಯುತ್ತ ಕೂತರೆ ಹೊಸ ಬರಹಕ್ಕೆ ಬಿಡುವಿರದು. ಆದರೆ ಆಕ್ಷೇಪದ ಧಾಟಿ ಒರಟಾಗಿದೆಯೆಂಬ ಕಾರಣಕ್ಕೆ ಅದರೊಳಗಿನ ಆಧಾರವನ್ನು ತಳ್ಳಿಹಾಕುವುದು ತರವಲ್ಲ. ಪರೀಕ್ಷಿಸಬೇಕಾದುದು ಧಾಟಿಯನ್ನಲ್ಲ, ಆಧಾರವನ್ನು. ಆಕ್ಷೇಪ ಎತ್ತಿದವನ ಪದವಿ, ಪ್ರಸಿದ್ಧಿಗಳೂ ಇಲ್ಲಿ ಅಳತೆಗೋಲಾಗಬಾರದು. ಆ ಭಾಗದ ಆಡುನುಡಿ ಬಲ್ಲ ಓದುಗನೊಬ್ಬ ಒಂದು ಪದದ ಅರ್ಥವನ್ನು ಪಂಡಿತನಿಗಿಂತ ಖಚಿತವಾಗಿ ಹೇಳಬಲ್ಲ.

ಈ ಮಾತು ಕನ್ನಡ ಅಧ್ಯಾಪಕರಿಗೂ ಸಂಶೋಧಕರಿಗೂ ನೇರವಾಗಿ ಅನ್ವಯಿಸುತ್ತದೆ. ಲೇಖನವೊಂದರಲ್ಲಿ ನುಸುಳಿದ ಕಾಲನಿರ್ಣಯದ ದೋಷ ಆಕ್ಷೇಪಕ್ಕೆ ಒಳಗಾಗದೆ ಉಳಿದರೆ ಅದು ಮತ್ತೊಂದು ಲೇಖನಕ್ಕೆ ಆಕರವಾಗುತ್ತದೆ. ಅಲ್ಲಿಂದ ಪಠ್ಯಪುಸ್ತಕಕ್ಕೂ ತರಗತಿಯ ಟಿಪ್ಪಣಿಗೂ ಸಾಗುತ್ತದೆ. ಒಬ್ಬ ಓದುಗ ಸಕಾಲದಲ್ಲಿ ಬರೆದ ನಾಲ್ಕು ಸಾಲು ಈ ಸರಪಳಿಯನ್ನು ತುಂಡರಿಸಬಲ್ಲದು. ಆ ನಾಲ್ಕು ಸಾಲಿಗೆ ಉತ್ತರ ಬಾರದಿದ್ದರೆ ಆ ಓದುಗ ಎರಡನೆಯ ಬಾರಿ ಬರೆಯುವುದು ಅಪರೂಪ. ಲೇಖಕನ ಮೌನದಿಂದಾಗುವ ನಷ್ಟ ಹೀಗೆ ಒಬ್ಬ ಓದುಗನಿಗೆ ಸೀಮಿತವಾಗದೆ ಜ್ಞಾನಪರಂಪರೆಗೂ ತಟ್ಟುತ್ತದೆ.

ಆದುದರಿಂದ ಸಂಶೋಧನ ಪತ್ರಿಕೆಗಳು ಪ್ರತಿಕ್ರಿಯೆಗಳಿಗೆ ಕೆಲವು ಪುಟಗಳನ್ನು ಕಾಯ್ದಿರಿಸುವುದು, ಆಕ್ಷೇಪವನ್ನೂ ಮೂಲ ಲೇಖಕರ ಸಮಾಧಾನವನ್ನೂ ಒಂದೇ ಸಂಚಿಕೆಯಲ್ಲಿ ಪ್ರಕಟಿಸುವುದು, ಪರಿಷ್ಕೃತ ಆವೃತ್ತಿಗಳಲ್ಲಿ ಯಾವ ತಿದ್ದುಪಡಿ ಯಾರಿಂದ ಬಂದಿತೆಂಬುದನ್ನು ದಾಖಲಿಸುವುದು ಅಪೇಕ್ಷಣೀಯ. ತರಗತಿಯಲ್ಲಿ ವಿದ್ಯಾರ್ಥಿ ಎತ್ತುವ ಸಂದೇಹವೂ ಇದೇ ಸಾಲಿಗೆ ಸೇರತಕ್ಕದ್ದು. ಅಧ್ಯಾಪಕನ ವ್ಯಾಖ್ಯಾನಕ್ಕೆ ಸಿಗುವ ಮೊದಲ ಪ್ರತಿಕ್ರಿಯೆ ಅದು. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಕನ್ನಡದ ಲಕ್ಷಣಕಾರ ಕವಿಗೆ ವಿಧಿಸಿದ ಶಿಸ್ತು ಸಂಶೋಧಕನಿಗೂ ಅಷ್ಟೇ ಅಗತ್ಯವಾದುದು.