ಬ್ಯಾಟರಿಯ ಒಳಗಿನ ಜೋಡಣೆ

ತಂತಿಯಿಲ್ಲದ ಡ್ರಿಲ್ಲಿನ 18 ವೋಲ್ಟು ಬ್ಯಾಟರಿಯಲ್ಲಿ ಸಾಮಾನ್ಯವಾಗಿ ತಲಾ 3.6 ವೋಲ್ಟಿನ ಐದು ಲಿಥಿಯಮ್ ಅಯಾನು ಕೋಶಗಳು, ಒಂದರ ಧನಧ್ರುವವು ಇನ್ನೊಂದರ ಋಣಧ್ರುವಕ್ಕೆ ಕೂಡುವಂತೆ, ಸರಣಿಯಲ್ಲಿ ಬೆಸೆದುಕೊಂಡಿರುತ್ತವೆ. ದೊಡ್ಡ ಬ್ಯಾಟರಿಯಲ್ಲಿ ಪ್ರತಿ ಕೋಶಕ್ಕೂ ಸಮಾಂತರವಾಗಿ ಮತ್ತೊಂದಿರುವುದು; ಆಗ ವೋಲ್ಟು ಅಷ್ಟೇ ಇದ್ದು ಧಾರಣಶಕ್ತಿ ಇಮ್ಮಡಿಯಾಗುವುದು.

ಹೊರಗಿನ ಧ್ರುವಗಳ ನಡುವೆ 17 ವೋಲ್ಟು ಕಂಡಿತೆನ್ನೋಣ. ಐದು ಕೋಶಗಳಲ್ಲಿಯೂ 3.4 ಇರಬಹುದು; ಅಥವಾ ನಾಲ್ಕರಲ್ಲಿ 4.1 ಇದ್ದು ಐದನೆಯದರಲ್ಲಿ ಕೇವಲ 0.6 ಇರಬಹುದು. ಮೊತ್ತದಿಂದ ಈ ಭೇದ ತಿಳಿಯದು. ಆದುದರಿಂದಲೇ ಅನೇಕ ಬ್ಯಾಟರಿಗಳಲ್ಲಿ ಪ್ರತಿ ಸಂಧಿಯಿಂದಲೂ ಒಂದು ಸಣ್ಣ ತಂತಿ ರಕ್ಷಣಾಫಲಕಕ್ಕೆ ಹೋಗಿ ಒಂದೊಂದು ಕೋಶದ ಸ್ಥಿತಿಯನ್ನೂ ತಿಳಿಸುತ್ತದೆ.

ಅತಿಯಾಗಿ ಬತ್ತಿದ ಕೋಶದಲ್ಲಿ ತಾಮ್ರದ ಹಾಳೆ ಕರಗಬಹುದು. ಮತ್ತೆ ವಿದ್ಯುತ್ತು ತುಂಬಿದಾಗ ಆ ತಾಮ್ರವೇ ಧ್ರುವಗಳನ್ನು ಒಳಗೊಳಗೇ ಕೂಡಿಸಿ ಬೆಂಕಿಗೆ ಕಾರಣವಾದೀತು. ಚಾರ್ಜರು ಒಲ್ಲದ ಬ್ಯಾಟರಿಗೆ ಬಲವಂತದಿಂದ ವಿದ್ಯುತ್ತನ್ನು ತುಂಬಬಾರದು.