ಸರ್ಕಾರಿ ಶಾಲೆ ಮಕ್ಕಳಿಗಾಗಿ ನೌಕರಿ: ಕೆಲವು ತಪ್ಪು ತಿಳಿವಳಿಕೆಗಳು

ಬೀದರ್, ಯಾದಗಿರಿ ಕಡೆಯ ಹುಡುಗ ಹುಡುಗಿಯರಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. ಅಲ್ಲಿ ಐಟಿ ಕಂಪನಿ ಸೇರುತ್ತೇನೆ ಎಂದರೆ ಮನೆಯವರು ಖುಷಿಯಿಂದ ಕಳಿಸುತ್ತಾರೆ. ಸರ್ಕಾರಿ ಶಾಲೆಗಳ ಜೊತೆ ಕೆಲಸ ಮಾಡುವ ಸಂಸ್ಥೆ ಸೇರುತ್ತೇನೆ ಎಂದರೆ ಮುಖ ಸಣ್ಣದಾಗುತ್ತದೆ. ಈ ಆತಂಕಕ್ಕೆ ಬಹುಪಾಲು ಕಾರಣ ತಪ್ಪು ತಿಳಿವಳಿಕೆ.

ತಪ್ಪು ಕಲ್ಪನೆ: ಅದು ಸಮಾಜಸೇವೆ, ಸಂಬಳ ಇರುವುದಿಲ್ಲ.

ವಾಸ್ತವ: ಪೂರ್ಣಾವಧಿ ಹುದ್ದೆಗಳಿಗೆ ಸಂಬಳ ಇದೆ. ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಗಳಿಗೆ ಕೊಡಬೇಕೆಂಬ ನಿಯಮ 2014ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಆ ಕೆಲಸಗಳ ಪಟ್ಟಿಯಲ್ಲಿ ಶಿಕ್ಷಣವೂ ಸೇರಿದೆ; ಇಂಥ ಸಂಸ್ಥೆಗಳಿಗೆ ಹಣ ಬರುವ ಒಂದು ದಾರಿ ಇದು. ಐಟಿ ಕಂಪನಿಯ ಸಂಬಳವನ್ನು ಮಾತ್ರ ಇಲ್ಲಿ ನಿರೀಕ್ಷಿಸಬಾರದು. ಎಷ್ಟೋ ಕಡೆ ಯೋಜನೆ ಮುಗಿದರೆ ಹುದ್ದೆಯೂ ಮುಗಿಯುತ್ತದೆ. ಈ ಹುದ್ದೆಗೆ ಎಷ್ಟು ವರ್ಷದ ಹಣ ಇದೆ, ಪಿಎಫ್ ಇದೆಯೇ ಎಂದು ಸಂದರ್ಶನದಲ್ಲೇ ಕೇಳಿ. ಕೇಳಲು ಸಂಕೋಚ ಬೇಡ.

ತಪ್ಪು ಕಲ್ಪನೆ: ಸರ್ಕಾರಿ ಶಿಕ್ಷಕರು ಮಾಡದ್ದನ್ನು ಸಂಸ್ಥೆಯವರು ಮಾಡಿ ತೋರಿಸುತ್ತಾರೆ.

ವಾಸ್ತವ: ಹೀಗೆ ಅಂದುಕೊಂಡು ಶಾಲೆಯ ಒಳಗೆ ಕಾಲಿಟ್ಟವರು ಹೆಚ್ಚು ದಿನ ಬಾಳುವುದಿಲ್ಲ. ಸರ್ಕಾರಿ ಶಾಲೆಯ ಜೊತೆಗೇ ನಡೆದವರ ಉದಾಹರಣೆ ನೋಡಿ: 1991ರಲ್ಲಿ ಎಂ.ವಿ. ಫೌಂಡೇಶನ್ ಎಂಬ ಸಂಸ್ಥೆ ಹೈದರಾಬಾದಿನ ಪಕ್ಕದ ರಂಗಾರೆಡ್ಡಿ ಜಿಲ್ಲೆಯಲ್ಲಿ, ದುಡಿಮೆಗೆ ಬಿದ್ದ ಮಕ್ಕಳನ್ನು ಬಿಡಿಸಿ ತರಲು ಶುರುಮಾಡಿತು. ಮುಂದೆ ನಿಂತವರು ಹೈದರಾಬಾದ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ ಶಾಂತಾ ಸಿನ್ಹಾ. ದುಡಿಯುವ ಮಕ್ಕಳಿಗೆ ರಾತ್ರಿ ಶಾಲೆ ಸಾಕು ಎಂಬ ಮಾತನ್ನು ಅವರು ಒಪ್ಪಲಿಲ್ಲ. ಮಕ್ಕಳನ್ನು ಶಿಬಿರದಲ್ಲಿ ಇಟ್ಟು, ತಪ್ಪಿಹೋದ ಓದನ್ನು ಕಲಿಸಿ, ವಯಸ್ಸಿಗೆ ತಕ್ಕ ತರಗತಿಗೆ, ಅದೂ ಸರ್ಕಾರಿ ಶಾಲೆಗೇ ಸೇರಿಸಿದರು. ಸರ್ಕಾರಿ ಶಿಕ್ಷಕರು ಬಾಲಕಾರ್ಮಿಕ ವಿಮೋಚನೆಗೆಂದು ತಮ್ಮದೇ ವೇದಿಕೆ ಕಟ್ಟಿಕೊಂಡು ಜೊತೆಗೆ ಬಂದರು. 2003ರಲ್ಲಿ ಶಾಂತಾ ಸಿನ್ಹಾ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕೆಂಬ ಮಾತು 2009ರ ಶಿಕ್ಷಣ ಹಕ್ಕು ಕಾಯ್ದೆಯ 4ನೇ ಸೆಕ್ಷನ್ನಿನಲ್ಲೂ ಇದೆ. ಹಾಗಾಗಿ ಶಾಲೆಯ ಗೋಡೆಯ ಮೇಲೆ ಸಂಸ್ಥೆಯ ಹೆಸರು ಎಷ್ಟು ದೊಡ್ಡದಾಗಿದೆ ಎಂಬುದಕ್ಕಿಂತ, ಸಂಸ್ಥೆ ಹೋದ ಮೇಲೂ ಆ ಶಾಲೆಯ ಟೀಚರು ಏನನ್ನು ಮುಂದುವರಿಸುತ್ತಾರೆ ಎಂಬುದನ್ನೇ ನಾನು ನೋಡುತ್ತೇನೆ.

ತಪ್ಪು ಕಲ್ಪನೆ: ಮಕ್ಕಳ ಮೇಲೆ ಪ್ರೀತಿ ಇದ್ದರೆ ಸಾಕು.

ವಾಸ್ತವ: ಪ್ರೀತಿ ಇಲ್ಲದೆ ಆಗದು, ಆದರೆ ಈ ಲೆಕ್ಕ ನೋಡಿ. ಐದನೇ ಕ್ಲಾಸಿನ ಹುಡುಗಿ 52ರಿಂದ 27 ಕಳೆದು 35 ಎಂದು ಬರೆಯುತ್ತಾಳೆ. ಅಜಾಗರೂಕತೆ ಎಂದು ಬೈದರೆ ನಾಳೆಯೂ 35 ಎಂದೇ ಬರೆಯುತ್ತಾಳೆ. ಅವಳು 7ರಿಂದ 2 ಕಳೆದಿದ್ದಾಳೆ, 5ರಿಂದ 2 ಕಳೆದಿದ್ದಾಳೆ. ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆಯುವುದು ಅವಳ ನಿಯಮ. ಹತ್ತು ಹತ್ತು ಕಡ್ಡಿಗಳ ಐದು ಕಟ್ಟು, ಮೇಲೆ ಎರಡು ಬಿಡಿ ಕಡ್ಡಿ ಕೈಗೆ ಕೊಟ್ಟು 27 ತೆಗೆದುಕೊಡು ಎನ್ನಬೇಕು. ಒಂದು ಕಟ್ಟು ಬಿಚ್ಚದೆ ಗತ್ಯಂತರವಿಲ್ಲ ಎಂದು ಆಗ ಅವಳಿಗೇ ಹೊಳೆಯುತ್ತದೆ. ಇಂಥ ತಪ್ಪನ್ನು ಓದಲು ವರ್ಷಗಟ್ಟಲೆ ಅಭ್ಯಾಸ ಬೇಕು. ಅದನ್ನು ಕಲಿತವರನ್ನು ಸೇವಾಭಾವದವರು ಎಂದಷ್ಟೇ ಹೊಗಳಿ ಸುಮ್ಮನಾಗುವುದು ಅನ್ಯಾಯ.

ತಪ್ಪು ಕಲ್ಪನೆ: ಬಿ.ಎಡ್ ಇಲ್ಲದವರಿಗೆ ಜಾಗವಿಲ್ಲ.

ವಾಸ್ತವ: ಟೀಚ್ ಫಾರ್ ಇಂಡಿಯಾ ಎಂಬ ಸಂಸ್ಥೆಯ ಎರಡು ವರ್ಷದ ಫೆಲೋಶಿಪ್‌ಗೆ ಯಾವುದೇ ಪದವಿ ಆಗುತ್ತದೆ. ಸಮೀಕ್ಷೆ, ಲೆಕ್ಕಪತ್ರ, ಪಠ್ಯ ಸಾಮಗ್ರಿ ತಯಾರಿಗೂ ಜನ ಬೇಕು.

ತಪ್ಪು ಕಲ್ಪನೆ: ಕನ್ನಡದವರಿಗೆ ಹೈದರಾಬಾದಿನಲ್ಲಿ ಏನು ಕೆಲಸ?

ವಾಸ್ತವ: ತೆಲುಗು ಕಲಿಯಲೇಬೇಕು, ಅದಿಲ್ಲದೆ ತಾಯಂದಿರ ಜೊತೆ ಮಾತು ಸಾಗದು. ಉರ್ದು ಮಾಧ್ಯಮದ ಶಾಲೆಗಳೂ ಇರುವುದರಿಂದ ಬೀದರ್, ಕಲಬುರಗಿಯ ದಖ್ಖನಿ ಉರ್ದು ಕೈಹಿಡಿಯುತ್ತದೆ. ಕನ್ನಡವೂ ಬೇಕಾಗುತ್ತದೆ. ಯಾದಗಿರಿ, ರಾಯಚೂರಿನಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳ ಮಕ್ಕಳು ಊರಿನಲ್ಲಿ ಎಷ್ಟನೇ ಕ್ಲಾಸಿನವರೆಗೆ ಓದಿದ್ದಾರೆಂದು ಅವರ ಮಾತಿನಲ್ಲೇ ಕೇಳುವವರು ಬೇಕು. ಹಿಂದಿನ ಶಾಲೆಯ ವರ್ಗಾವಣೆ ಪತ್ರ (ಟಿ.ಸಿ.) ಇಲ್ಲ ಎಂದು ಆ ತಂದೆತಾಯಿ ಶಾಲೆಯ ಕಡೆ ಹೋಗಲು ಅಂಜುತ್ತಾರೆ. ಟಿ.ಸಿ. ಬರುವುದು ತಡವಾದರೂ ಸರ್ಕಾರಿ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಹೇಳುತ್ತದೆ. ಇದನ್ನು ಅವರಿಗೆ ಕನ್ನಡದಲ್ಲಿ ತಿಳಿಸಿ, ಹೆಡ್‌ಮಾಸ್ಟರ ಹತ್ತಿರ ತೆಲುಗಿನಲ್ಲಿ ಮಾತಾಡಿ ಹೆಸರು ಹಚ್ಚಿಸುವುದೂ ಈ ನೌಕರಿಯ ಕೆಲಸವೇ.